ಕುವೈತಿಗೂ ನಮಗೂ ಏನು ಸಂಬಂಧ?

ಅಣ್ಣನ ಮೊಮ್ಮಗಳು ಪಿ.ಯು.ಸಿ. ಮುಗಿಸಿದಾಗ ಅವಳು ಬಿ.ಕಾಂ. ಸೇರುವಳೆಂದೇ ಮನೆಯವರೆಲ್ಲ ಎಣಿಸಿದ್ದರು. ಬ್ಯಾಂಕುಗಳ ತವರೆನಿಸಿಕೊಂಡ ಕರಾವಳಿಯಲ್ಲಿ ಇದು ಸಹಜ. ಹುಡುಗಿ ಮಾತ್ರ ಒಂದು ಸಂಜೆ, ಜಗಲಿಯಲ್ಲಿ ಎಲ್ಲರೂ ಕುಳಿತಿದ್ದಾಗ, ತಾನು ಬಿ.ಎ. ಮಾಡುವುದಾಗಿಯೂ ಅದರಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳೆಂಬ ವಿಷಯವನ್ನೇ ಮುಖ್ಯವಾಗಿ ಓದುವುದಾಗಿಯೂ ಹೇಳಿದಳು. ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕು ಎಂದಳು. ಮನೆಯಲ್ಲಿ ಯಾರೂ ಬೈಯಲಿಲ್ಲ. ಆದರೆ ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ.

ಮರುದಿನ ಬೆಳಿಗ್ಗೆಯೇ ಅತ್ತಿಗೆಯ ಫೋನು ಬಂತು.

"ಇವಳಿಗೆ ಪ್ರಪಂಚದ ಉಸಾಬರಿ ಯಾಕೆ ಮಾರಾಯ್ತಿ? ಅದನ್ನು ಓದಿದರೆ ಯಾವ ಕೆಲಸ ಸಿಗುತ್ತದೆ? ನೀನಾದರೂ ಒಂದು ಮಾತು ಹೇಳು. ಸಣ್ಣಜ್ಜಿ ಹೇಳಿದರೆ ಕೇಳುತ್ತಾಳೆ."

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಹೇಳಿದವಳು ನಾನು. ಅದಕ್ಕೇ ಅತ್ತಿಗೆ ನನ್ನನ್ನು ಹಿಡಿದರು. "ನೋಡುವ ಅತ್ತಿಗೆ, ಮಾತಾಡಿ ನೋಡುತ್ತೇನೆ" ಎಂದು ಫೋನು ಇಟ್ಟೆ. ಇಟ್ಟ ಮೇಲೆ ನನಗೆ ಆಶ್ಚರ್ಯವಾದದ್ದು ಒಂದೇ ಸಂಗತಿಗೆ. ಈ ಓದು ಯಾಕೆ ಬೇಕೆಂದು ನನಗೆ ಮೊತ್ತಮೊದಲು ಅರ್ಥವಾದದ್ದು ಇದೇ ಅತ್ತಿಗೆಯಿಂದ. ಅವರಿಗದು ನೆನಪಿರಲಿಲ್ಲ, ಅಷ್ಟೆ.

ನಾನು ಬಿ.ಎ. ಓದಿದ್ದು 1981ರಿಂದ 84ರವರೆಗೆ, ಇಲ್ಲೇ ಕುಂದಾಪುರದಲ್ಲಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ನನ್ನ ವಿಷಯಗಳು. ರಾಜ್ಯಶಾಸ್ತ್ರದೊಳಗೆ ಅಂತಾರಾಷ್ಟ್ರೀಯ ಸಂಬಂಧಗಳ ಒಂದು ಪತ್ರಿಕೆ ಇತ್ತು. ವಿಶ್ವಸಂಸ್ಥೆಯ ಅಂಗಗಳು ಎಷ್ಟು, ಭದ್ರತಾ ಮಂಡಳಿಯಲ್ಲಿ ಕಾಯಂ ಸದಸ್ಯರು ಯಾರು, ವೀಟೋ ಎಂದರೇನು, ಅಲಿಪ್ತ ನೀತಿಯ ಲಕ್ಷಣಗಳು ಯಾವುವು, ಇವನ್ನೆಲ್ಲ ನೋಟ್ಸ್ ನೋಡಿ ಉರು ಹೊಡೆದು, ಪರೀಕ್ಷೆಯಲ್ಲಿ ಬರೆದು, ಮನೆಗೆ ಬಂದು ಮರೆತೆ. ಭದ್ರತಾ ಮಂಡಳಿ ನಮ್ಮ ಮನೆಯ ಅಂಗಳಕ್ಕೆ ಎಂದಾದರೂ ಬಂದೀತೆಂದು ಆಗ ಎಣಿಸಿರಲಿಲ್ಲ.

ಬಂದದ್ದು 1990ರ ಆಗಸ್ಟಿನಲ್ಲಿ. ಅಣ್ಣ ಕುವೈತಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದ. ಅತ್ತಿಗೆ ಎರಡು ಸಣ್ಣ ಮಕ್ಕಳೊಂದಿಗೆ ನಮ್ಮ ಜೊತೆ ಊರಿನಲ್ಲಿದ್ದರು. ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿನೊಳಕ್ಕೆ ನುಗ್ಗಿತು. ನಾವು ರೇಡಿಯೋದಲ್ಲಿ ಕೇಳಿದೆವು. ಅಂದಿನಿಂದ ಅಣ್ಣನ ಪತ್ರವಿಲ್ಲ, ಫೋನಿಲ್ಲ. ನಮ್ಮ ಮನೆಯಲ್ಲಿ ಫೋನಿರಲಿಲ್ಲವಾದ್ದರಿಂದ ಪೇಟೆಯ ಎಸ್.ಟಿ.ಡಿ. ಬೂತಿಗೆ ಹೋಗಿ ಬೊಂಬಾಯಿಯ ಪರಿಚಿತರಿಗೆ ಫೋನು ಮಾಡಿ ಮಾಡಿ ಸೋತೆವು. ಹೊರಗೆ ಆಟಿ ತಿಂಗಳ ಮಳೆ. ಕಡಲಿನ ಮೊರೆತ ರಾತ್ರಿಯಿಡೀ ಕೇಳುತ್ತಿತ್ತು. ಅತ್ತಿಗೆ ಅಡುಗೆ ಮಾಡುತ್ತಿದ್ದರು, ಮಕ್ಕಳಿಗೆ ಬಡಿಸುತ್ತಿದ್ದರು, ತಾವು ಉಣ್ಣುತ್ತಿರಲಿಲ್ಲ.

ಒಂದು ರಾತ್ರಿ ವಾರ್ತೆ ಮುಗಿದ ಮೇಲೆ ಅವರು ನನ್ನನ್ನು ಕೇಳಿದರು: "ಆ ರಾಜನಿಗೂ ಈ ರಾಜನಿಗೂ ಎಣ್ಣೆಯ ಜಗಳ. ಅದಕ್ಕೂ ನನ್ನ ಗಂಡನಿಗೂ ಏನು ಸಂಬಂಧ? ನೀನು ಓದಿದವಳಲ್ಲವಾ, ಹೇಳು."

ನಾನು ಓದಿದವಳೇ. ಆಗಸ್ಟ್ 2ರಂದೇ ಭದ್ರತಾ ಮಂಡಳಿ 660ನೆಯ ನಿರ್ಣಯದಲ್ಲಿ ಆಕ್ರಮಣವನ್ನು ಖಂಡಿಸಿತ್ತು. ಆಗಸ್ಟ್ 6ರಂದು 661ನೆಯ ನಿರ್ಣಯದಲ್ಲಿ ಇರಾಕಿನ ಮೇಲೆ ಆರ್ಥಿಕ ದಿಗ್ಬಂಧನ ಹೇರಿತ್ತು. ಇವನ್ನು ಪತ್ರಿಕೆಯಲ್ಲಿ ಓದಿ ಅವರಿಗೆ ಹೇಳಬಲ್ಲವಳಾಗಿದ್ದೆ. ಆದರೆ ಅವರು ಕೇಳಿದ್ದು ಅದನ್ನಲ್ಲ. ಅವರು ಕೇಳಿದ್ದಕ್ಕೆ ನನ್ನ ನೋಟ್ಸಿನಲ್ಲಿ ಉತ್ತರವಿರಲಿಲ್ಲ. ಸುಮ್ಮನಿದ್ದೆ. ಆ ಸುಮ್ಮನಿದ್ದುದರ ನಾಚಿಕೆಯೇ ಮುಂದೆ ಈ ವಿಷಯದ ಪುಸ್ತಕಗಳನ್ನು ಹುಡುಕಿ ಓದುವಂತೆ ಮಾಡಿತು.

ಹಾಗೆ ಓದುವಾಗ ತಿಳಿದದ್ದೊಂದು, ಈ ಶಾಸ್ತ್ರ ಹುಟ್ಟಿದ್ದು ದೊಡ್ಡ ರಾಜಧಾನಿಯಲ್ಲಲ್ಲ. ನಮ್ಮ ಕುಂದಾಪುರದಂತೆ ಕಡಲ ದಂಡೆಯಲ್ಲಿರುವ ಒಂದು ಸಣ್ಣ ಊರಿನಲ್ಲಿ. ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ಎಂಬ ನಾಡು. ಅಲ್ಲಿ ಅಬರಿಸ್ಟ್‌ವಿತ್ ಎಂಬ ಊರು. 1872ರಲ್ಲಿ, ಕಡಲಿಗೆ ಮುಖಮಾಡಿದ್ದ ಒಂದು ಹೋಟೆಲಿನ ಕಟ್ಟಡದಲ್ಲಿ ಅಲ್ಲಿ ಕಾಲೇಜು ಆರಂಭವಾಗಿತ್ತು. ಮೊದಲ ಮಹಾಯುದ್ಧಕ್ಕೆ ಹೋದ ಆ ಕಾಲೇಜಿನ ಹುಡುಗರಲ್ಲಿ ಎಷ್ಟೋ ಮಂದಿ ಹಿಂತಿರುಗಲಿಲ್ಲ. ಅವರ ನೆನಪಿಗೆಂದು ಅಲ್ಲಿ ಕಟ್ಟಿದ್ದು ಬರಿಯ ಕಲ್ಲಿನ ಸ್ಮಾರಕವನ್ನಲ್ಲ. 1919ರಲ್ಲಿ ಅಂತಾರಾಷ್ಟ್ರೀಯ ರಾಜಕೀಯಕ್ಕೆಂದೇ ಒಂದು ಪ್ರಾಧ್ಯಾಪಕ ಪೀಠ ಸ್ಥಾಪನೆಯಾಯಿತು. ಜಗತ್ತಿನಲ್ಲಿ ಅಂಥ ಪೀಠ ಅದೇ ಮೊದಲು. ದೇಶ ದೇಶಗಳು ಯಾಕೆ ಕಾದುತ್ತವೆ, ಕಾದದಂತೆ ಏನು ಮಾಡಬಹುದು ಎಂಬುದನ್ನು ಕಾಲೇಜಿನ ಹುಡುಗ ಹುಡುಗಿಯರು ಕಲಿಯಲಿ ಎಂಬುದು ಅದರ ಆಶಯ.

ಆ ಪೀಠಕ್ಕೆ 20,000 ಪೌಂಡ್ ದತ್ತಿ ಕೊಟ್ಟವರು ಡೇವಿಡ್ ಡೇವಿಸ್ ಎಂಬ ಶ್ರೀಮಂತ ಮತ್ತು ಅವನ ಇಬ್ಬರು ತಂಗಿಯರು, ಗ್ವೆಂಡೊಲಿನ್ ಮತ್ತು ಮಾರ್ಗರೆಟ್. ಅವರ ಅಜ್ಜ ಕಲ್ಲಿದ್ದಲ ಗಣಿ, ರೈಲುಮಾರ್ಗಗಳಲ್ಲಿ ಹಣ ಮಾಡಿದವನು. ಅಕ್ಕತಂಗಿಯರಿಬ್ಬರೂ ಮದುವೆಯಾಗಲಿಲ್ಲ. ಯುದ್ಧಕಾಲದಲ್ಲಿ ಫ್ರಾನ್ಸಿನ ಟ್ರ್ವಾ ಎಂಬ ಊರಿನಲ್ಲಿ ಸೈನಿಕರಿಗಾಗಿ ಕ್ಯಾಂಟೀನು ನಡೆಸಿದರು. ರಣರಂಗಕ್ಕೆ ಹೋಗುವವರಿಗೂ ಅಲ್ಲಿಂದ ಮರಳುವವರಿಗೂ ಬಿಸಿ ಪಾನೀಯ ಕೊಡುತ್ತಾ ಎಷ್ಟು ಮುಖಗಳನ್ನು ಅವರು ನೋಡಿದ್ದಿರಬೇಕು! ಈ ಶಾಸ್ತ್ರದ ಚರಿತ್ರೆ ಬರೆಯುವವರು ಪ್ರಾಧ್ಯಾಪಕರ ಹೆಸರುಗಳನ್ನು ವಿಸ್ತಾರವಾಗಿ ಬರೆಯುತ್ತಾರೆ. ಆಲ್ಫ್ರೆಡ್ ಝಿಮರ್ನ್ ಮೊದಲ ಪ್ರಾಧ್ಯಾಪಕ. ಮುಂದೆ ಅದೇ ಪೀಠದಲ್ಲಿ ಕುಳಿತ ಇ.ಎಚ್. ಕಾರ್ ಬಹಳ ಪ್ರಸಿದ್ಧ. ಆದರೆ ಕಾಸು ಬಿಚ್ಚಿದವರಲ್ಲಿ, ಟ್ರ್ವಾದಲ್ಲಿ ಬಟ್ಟಲು ತೊಳೆದ ಈ ಇಬ್ಬರು ಹೆಂಗಸರೂ ಇದ್ದರೆಂಬುದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಅದೇ ಊರಿನ ಇನ್ನೊಂದು ಕತೆಯನ್ನು ಹೇಳದೆ ಮುಂದೆ ಹೋಗಲಾರೆ. ಯುದ್ಧ ಮುಗಿದ ಮೇಲೆ ರಾಷ್ಟ್ರಸಂಘ ಸ್ಥಾಪನೆಯಾಯಿತಷ್ಟೆ. ಅದರ ಕಲ್ಪನೆಗಾಗಿ ದುಡಿದವನು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್. ಆದರೆ ಅಮೆರಿಕವೇ ಅದನ್ನು ಸೇರಲಿಲ್ಲ. 1923ರಲ್ಲಿ ಅಬರಿಸ್ಟ್‌ವಿತ್‌ನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ವೇಲ್ಸಿನ ಹೆಂಗಸರು ಒಂದು ನಿಶ್ಚಯಕ್ಕೆ ಬಂದರು. ಅಮೆರಿಕದ ಹೆಂಗಸರಿಗೆ ನಾವು ಹೆಂಗಸರೇ ಒಂದು ಮನವಿ ಬರೆಯೋಣ, ನಿಮ್ಮ ದೇಶವನ್ನು ರಾಷ್ಟ್ರಸಂಘಕ್ಕೆ ಸೇರಿಸಿರೆಂದು ಕೇಳೋಣ ಎಂದು. ಊರೂರಿನಲ್ಲಿ ಮನೆ ಮನೆಗೆ ಹೋಗಿ ಸಹಿ ಕೇಳಿದರು. ಒಟ್ಟು 3,90,296 ಸಹಿಗಳು ಸೇರಿದವು. ಆ ಹಾಳೆಗಳನ್ನು ಒಂದರ ಮುಂದೊಂದು ಹಾಸಿದರೆ ಏಳು ಮೈಲು ಉದ್ದವಾಗುತ್ತದೆಂದು ಹೇಳುತ್ತಿದ್ದರು. ಓಕ್ ಮರದ ಪೆಟ್ಟಿಗೆಯಲ್ಲಿ ಅವನ್ನು ತುಂಬಿ, 1924ರಲ್ಲಿ ಆನಿ ಹ್ಯೂಸ್ ಗ್ರಿಫಿತ್ಸ್ ಮತ್ತು ಸಂಗಡಿಗರು ಹಡಗಿನಲ್ಲಿ ಅಮೆರಿಕಕ್ಕೆ ಒಯ್ದರು. ಅಧ್ಯಕ್ಷ ಕೂಲಿಡ್ಜ್ ಅವರನ್ನು ಭೇಟಿಯಾದರು. ಅಮೆರಿಕ ರಾಷ್ಟ್ರಸಂಘವನ್ನು ಸೇರಲೇ ಇಲ್ಲ. ಹದಿನೈದು ವರ್ಷಗಳಲ್ಲಿ ಎರಡನೆಯ ಮಹಾಯುದ್ಧ ಬಂತು. ಪೆಟ್ಟಿಗೆ ಅಮೆರಿಕದ ಒಂದು ವಸ್ತುಸಂಗ್ರಹಾಲಯದಲ್ಲಿ ಉಳಿಯಿತು. 2023ರಲ್ಲಿ ಅದು ಮತ್ತೆ ಅಬರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯಕ್ಕೆ ಮರಳಿತು.

ಸೋತ ಕೆಲಸವೇ ಎಂದು ಕೇಳಿದರೆ ಸೋತದ್ದೇ. 1939ರಲ್ಲಿ ಆ ಪೀಠದಲ್ಲೇ ಕುಳಿತಿದ್ದ ಕಾರ್ ಒಂದು ಪುಸ್ತಕ ಬರೆದು, ಒಳ್ಳೆಯ ಹಾರೈಕೆಯಿಂದ ಯುದ್ಧ ನಿಲ್ಲುವುದಿಲ್ಲ, ಯಾರ ಕೈಯಲ್ಲಿ ಎಷ್ಟು ಬಲವಿದೆ ಎಂದು ನೋಡದೆ ಹಾರೈಸುವುದು ಕುರುಡುತನ ಎಂದು ವಾದಿಸಿದರು. ಆದರೆ ಬಲವನ್ನು ಮಾತ್ರ ನೋಡಿ ಹಾರೈಕೆಯನ್ನೇ ಕೈಬಿಡುವುದೂ ಸಲ್ಲದೆಂದು ಅದೇ ಪುಸ್ತಕದಲ್ಲಿ ಹೇಳಿದರು. ಅಂದಿನಿಂದ ಈ ಶಾಸ್ತ್ರದ ವಿದ್ಯಾರ್ಥಿಗಳು ಈ ಎರಡರ ನಡುವೆಯೇ ತೂಗುತ್ತಿದ್ದಾರೆ. ಸಂಸಾರ ಮಾಡಿದ ಹೆಂಗಸರಿಗೆ ಇದೇನು ಹೊಸ ಪಾಠವಲ್ಲ. ಕೂಡುಕುಟುಂಬದಲ್ಲಿ ಬಾಳಿದವರಿಗೆ ಯಾರ ಬಲ ಎಷ್ಟು, ಯಾವ ಮಾತು ಯಾವಾಗ ಆಡಬೇಕು, ಆದರೂ ನ್ಯಾಯವನ್ನು ಬಿಡಬಾರದು ಎಂಬುದೆಲ್ಲ ಗೊತ್ತೇ ಇರುತ್ತದೆ.

ನಮ್ಮ ದೇಶಕ್ಕೆ ಈ ಓದು ಬಂದದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. 1943ರಲ್ಲಿ ವಿಶ್ವ ವ್ಯವಹಾರಗಳ ಭಾರತೀಯ ಪರಿಷತ್ತು ಹುಟ್ಟಿತು. ಅದರ ಆಶ್ರಯದಲ್ಲಿ 1955ರಲ್ಲಿ ದೆಹಲಿಯ ಸಪ್ರೂ ಹೌಸಿನಲ್ಲಿ ಅಂತಾರಾಷ್ಟ್ರೀಯ ಅಧ್ಯಯನದ ಶಾಲೆ ಆರಂಭವಾಯಿತು. ಎ. ಅಪ್ಪಾದೊರೈ ಅದರ ಮೊದಲ ನಿರ್ದೇಶಕರು. 1970ರಲ್ಲಿ ಅದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದೊಳಗೆ ಸೇರಿತು. ಅಲ್ಲಿ ನಡೆಯುತ್ತಿದ್ದುದು ಸಂಶೋಧನೆಯ ಓದು. ನಮ್ಮಂಥ ಊರುಗಳಲ್ಲಿ ಬಿ.ಎ. ಮಾಡುವವರಿಗೆ ದಕ್ಕುತ್ತಿದ್ದುದು ನನಗೆ ದಕ್ಕಿದಂತೆ ಒಂದೋ ಎರಡೋ ಪತ್ರಿಕೆ ಮಾತ್ರ. ಈಗ ಪದವಿಯ ಹಂತದಲ್ಲೇ ಇದನ್ನು ಮುಖ್ಯ ವಿಷಯವಾಗಿ ಕಲಿಸುವ ಕಾಲೇಜುಗಳು ನಮ್ಮಲ್ಲೂ ಬಂದಿವೆ.

ಓದು ತಡವಾಗಿ ಬಂತು. ಹುದ್ದೆಯ ಬಾಗಿಲು ಹೆಂಗಸರಿಗೆ ತೆರೆದದ್ದು ಇನ್ನೊಂದು ಕತೆ. ನಮ್ಮ ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಚೋನಿರ ಬೆಳ್ಯಪ್ಪ ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಆ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು ಅವರೇ. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು. ಓದಿದ್ದು ಇಂಗ್ಲಿಷ್ ಸಾಹಿತ್ಯ. ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಅವರಿಂದ ಬರೆಸಿಕೊಂಡರು. 1961ರ ನಿಯಮಗಳಲ್ಲಿಯೂ ಇದೇ ಧೋರಣೆ ಇತ್ತು. ಸೇವೆಯಲ್ಲಿರುವ ಹೆಂಗಸು ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಸಂಸಾರದ ಜವಾಬ್ದಾರಿಯಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಸರ್ಕಾರಕ್ಕೆ ತೋರಿದರೆ ಮದುವೆಯ ಬಳಿಕ ರಾಜೀನಾಮೆ ಕೇಳಬಹುದು. ಗಂಡಸಿಗೆ ಈ ಕಟ್ಟಳೆ ಇರಲಿಲ್ಲ.

ಬಡ್ತಿಯಲ್ಲಿ ಅನ್ಯಾಯವಾಯಿತೆಂದು ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದರು. ಅಷ್ಟರಲ್ಲಿ ಬಡ್ತಿ ದೊರೆತಿತ್ತು, ಆಕ್ಷೇಪಕ್ಕೊಳಗಾದ ನಿಯಮಗಳನ್ನು ತೆಗೆಯುವುದಾಗಿ ಸರ್ಕಾರವೂ ಹೇಳಿತು. ಹಾಗಾಗಿ ಅರ್ಜಿ ಅಲ್ಲಿಗೇ ಮುಗಿಯಿತು. ಆದರೆ ಸಂಸಾರ ಅಡ್ಡಿಯಾಗುವುದಾದರೆ ಗಂಡಸಿಗೂ ಆಗಬಾರದೇಕೆ ಎಂದು ನ್ಯಾಯಾಲಯ ಕೇಳಿತು. ಹೆಂಗಸರನ್ನು ಕೀಳಾಗಿ ಕಾಣುವ ನಿಯಮಗಳನ್ನೆಲ್ಲ ತಿದ್ದಬೇಕೆಂದು ಸರ್ಕಾರಕ್ಕೆ ಖಂಡಿತವಾಗಿ ಹೇಳಿತು. ಹಂಗೆರಿ, ಘಾನಾ, ನೆದರ್‌ಲೆಂಡ್ಸ್ ದೇಶಗಳಲ್ಲಿ ರಾಯಭಾರಿಯಾಗಿದ್ದ ಮುತ್ತಮ್ಮನವರು 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅದಕ್ಕೂ ಮುಂಚೆ, 2001ರಲ್ಲಿ, ಚೋಕಿಲಾ ಅಯ್ಯರ್ ವಿದೇಶಾಂಗ ಕಾರ್ಯದರ್ಶಿಯಾದ ಮೊದಲ ಹೆಂಗಸಾಗಿದ್ದರು.

ಮೊಮ್ಮಗಳನ್ನು ಮನೆಗೆ ಕರೆಸಿ ಇದನ್ನೆಲ್ಲ ಹೇಳಿದೆ. ಜೊತೆಗೆ ಇನ್ನೊಂದನ್ನೂ ಹೇಳಿದೆ. "ರಾಯಭಾರಿ ಆಗಬೇಕೆಂದರೆ ಇದನ್ನೇ ಓದಬೇಕೆಂದಿಲ್ಲ ಮಗಾ. ಯಾವ ಪದವಿ ಇದ್ದರೂ ಆ ಪರೀಕ್ಷೆಗೆ ಕೂರಬಹುದು. ಮುತ್ತಮ್ಮ ಸಾಹಿತ್ಯ ಓದಿದವರು. ಇದನ್ನು ಓದಿದ ಮಾತ್ರಕ್ಕೆ ಕೆಲಸ ಬಾಗಿಲಿಗೆ ಬರುವುದಿಲ್ಲ. ಇದರ ಮೇಲೆ ಇನ್ನೊಂದು ಓದೋ, ಕಾನೂನೋ, ಒಂದು ಪರಭಾಷೆಯೋ ಬೇಕಾಗಬಹುದು. ಇದು ಗೊತ್ತಿದ್ದೂ ಬೇಕಾ?"

"ಬೇಕು ಸಣ್ಣಜ್ಜಿ" ಎಂದಳು. "ಅಜ್ಜ ಕುವೈತಿನಿಂದ ಬಂದ ಕತೆ ನೀವೇ ಹೇಳಿದ್ದಲ್ವಾ? ಅದು ಯಾಕಾಯಿತು ಅಂತ ಮಾತ್ರ ನಮ್ಮಲ್ಲಿ ಯಾರೂ ಹೇಳೋದಿಲ್ಲ."

ಆ ಕತೆ ಇದು. 1990ರ ಆಗಸ್ಟಿನಿಂದ ಅಕ್ಟೋಬರಿನವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಸರ್ಕಾರ ಕರೆತಂದಿತು. ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಕಂಡು ಮಾತಾಡಿದ್ದರು. ಕುವೈತಿನಿಂದ ಬಸ್ಸಿನಲ್ಲಿ ಇರಾಕಿನ ಮೂಲಕ ಜೋರ್ಡಾನಿನ ಅಮ್ಮಾನಿಗೆ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ. ಅಣ್ಣನೂ ಹಾಗೇ ಬಂದ. ಮುಂಜಾನೆ ಬೊಂಬಾಯಿ ಬಸ್ಸಿನಿಂದ ಇಳಿದು ಅಂಗಳದಲ್ಲಿ ನಿಂತಾಗ ಅವನ ಕೈಯಲ್ಲಿದ್ದದ್ದು ಒಂದು ಚೀಲ. ಬ್ಯಾಂಕಿನಲ್ಲಿಟ್ಟದ್ದು, ಬರಬೇಕಾದ ಸಂಬಳ, ಎಲ್ಲವೂ ಅಲ್ಲೇ ಉಳಿದಿತ್ತು. ಅತ್ತಿಗೆ ಬಳೆಗಳನ್ನು ಅಡವಿಟ್ಟು ಮನೆ ನಡೆಸಿದರು. ತೈಲದ ಬೆಲೆ ಏರಿದ್ದೂ ಕೊಲ್ಲಿಯಿಂದ ಬರುತ್ತಿದ್ದ ಹಣ ನಿಂತದ್ದೂ ಸೇರಿ ದೇಶದ ವಿದೇಶಿ ವಿನಿಮಯ ಕರಗಿ, 1991ರ ಜುಲೈಯಲ್ಲಿ ಸರ್ಕಾರವೂ ಸುಮಾರು 47 ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಅಡವಿಟ್ಟಿತು. ಅತ್ತಿಗೆಯ ಬಳೆ ಮತ್ತು ದೇಶದ ಚಿನ್ನ ಒಂದೇ ಕಾರಣಕ್ಕೆ ಅಡವು ಬಿದ್ದಿದ್ದವೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಅಂದು ಅವರು ಕೇಳಿದ ಪ್ರಶ್ನೆಗೆ ಈಗ ಸ್ವಲ್ಪ ಉತ್ತರ ಹೇಳಬಲ್ಲೆ. ಇರಾಕು ಇರಾನಿನೊಂದಿಗೆ 1980ರಿಂದ 88ರವರೆಗೆ ಎಂಟು ವರ್ಷ ಕಾದಾಡಿ ಸಾಲದಲ್ಲಿ ಮುಳುಗಿತ್ತು. ಕುವೈತಿಗೂ ಸಾಲ ತೀರಿಸಬೇಕಿತ್ತು. ಕುವೈತು ಹೆಚ್ಚು ತೈಲ ತೆಗೆದು ಬೆಲೆ ಬೀಳಿಸುತ್ತಿದೆ, ಗಡಿಯ ರುಮೈಲಾ ನಿಕ್ಷೇಪದಿಂದ ಕದಿಯುತ್ತಿದೆ ಎಂದು ದೂರುತ್ತಿತ್ತು. ಗಡಿಯೇ ಬ್ರಿಟಿಷರ ಕಾಲದ ಗೆರೆ, ನಮಗೆ ಒಪ್ಪಿಗೆಯಿಲ್ಲ ಎನ್ನುತ್ತಿತ್ತು. ಇವಾವುವೂ ಆಕ್ರಮಣವನ್ನು ಸರಿ ಮಾಡುವುದಿಲ್ಲ. ಆದರೆ ಒಂದೇ ಘಟನೆಯನ್ನು ಕುವೈತಿನಿಂದ ನೋಡು, ಬಾಗ್ದಾದಿನಿಂದ ನೋಡು, ದೆಹಲಿಯಿಂದ ನೋಡು ಎಂದು ಕಲಿಸುವುದೇ ಈ ಓದಿನ ಮುಖ್ಯ ಪಾಠ. ಉಳಿದದ್ದೆಲ್ಲ ಅದಕ್ಕೆ ಸಲಕರಣೆ: ರಾಷ್ಟ್ರಗಳ ಇತಿಹಾಸ, ಅಂತಾರಾಷ್ಟ್ರೀಯ ಕಾನೂನು, 1944ರ ಬ್ರೆಟನ್ ವುಡ್ಸ್ ಸಭೆಯಿಂದ ಹುಟ್ಟಿದ ಹಣಕಾಸಿನ ಸಂಸ್ಥೆಗಳು, ವ್ಯಾಪಾರ, ಒಂದು ಭಾಷೆ.

ಮೊಮ್ಮಗಳನ್ನು ಕರೆದುಕೊಂಡು ಅತ್ತಿಗೆಯಲ್ಲಿಗೆ ಹೋದೆ. ಅಣ್ಣ ಹೋಗಿ ನಾಲ್ಕು ವರ್ಷವಾಯಿತು. "ಅತ್ತಿಗೆ, ಆ ಜಿನೀವಾದ ಅರ್ಜಿ ಇದೆಯಾ?" ಎಂದು ಕೇಳಿದೆ. ಅವರು ಮಾತಾಡದೆ ಒಳಗೆ ಹೋಗಿ ಟ್ರಂಕಿನಿಂದ ಹಳೆಯ ಕಡತ ತಂದರು.

ಯುದ್ಧದ ನಂತರ ವಿಶ್ವಸಂಸ್ಥೆ 1991ರಲ್ಲಿ ಜಿನೀವಾದಲ್ಲಿ ಒಂದು ಪರಿಹಾರ ಆಯೋಗವನ್ನು ಸ್ಥಾಪಿಸಿತು. ಕುವೈತು, ಇರಾಕುಗಳನ್ನು ಬಿಟ್ಟು ಓಡಬೇಕಾದವರು ತಮ್ಮ ತಮ್ಮ ಸರ್ಕಾರದ ಮೂಲಕ ಅರ್ಜಿ ಹಾಕಬಹುದಿತ್ತು. ಒಬ್ಬ ವ್ಯಕ್ತಿಗೆ 2,500 ಇಲ್ಲವೇ 4,000 ಡಾಲರ್ ಎಂದು ಗೊತ್ತುಮಾಡಿದ್ದರು. ಊಟದ ಮೇಜಿನ ಮೇಲೆ ಕುಳಿತು ಅಣ್ಣನ ಅರ್ಜಿ ತುಂಬಿದವಳು ನಾನೇ. ಕೆಲವು ವರ್ಷಗಳ ಬಳಿಕ ಹಣ ಬಂತು. ಅತ್ತಿಗೆಯ ಬಳೆ ಬಿಡಿಸಿದ್ದೂ ಮಾಡಿಗೆ ಹೆಂಚು ಹಾಕಿಸಿದ್ದೂ ಅದರಿಂದಲೇ. ಸುಮಾರು 15 ಲಕ್ಷ ಅರ್ಜಿದಾರರಿಗೆ ಒಟ್ಟು 5,240 ಕೋಟಿ ಡಾಲರ್ ಕೊಟ್ಟು, ಆ ಆಯೋಗ 2022ರಲ್ಲಿ ತನ್ನ ಕೆಲಸ ಮುಗಿಸಿತು. ಆ ಹಣ ಬಂದದ್ದು ಇರಾಕಿನ ತೈಲ ಮಾರಾಟದ ಒಂದು ಪಾಲಿನಿಂದ.

ಇದನ್ನು ಹುಡುಗಿಗೆ ವಿವರಿಸುತ್ತಿದ್ದಾಗ ಅತ್ತಿಗೆ ನಡುವೆ ಬಾಯಿ ಹಾಕಿದರು. "ಇರಾಕಿನ ಎಣ್ಣೆಯಿಂದಲಾ? ಅಲ್ಲಿ ಆಗ ಮಕ್ಕಳಿಗೆ ಮದ್ದಿಲ್ಲ, ಹಾಲಿಲ್ಲ ಅಂತ ಟಿ.ವಿ.ಯಲ್ಲಿ ತೋರಿಸುತ್ತಿದ್ದರಲ್ಲ?"

ಹೌದು, ಅದೇ ದಿಗ್ಬಂಧನ. ತೈಲ ಮಾರಿ ಆಹಾರ ಕೊಳ್ಳುವುದಕ್ಕೆ ಇರಾಕಿಗೆ ದಾರಿಯಾದದ್ದು 1996ರ ಕೊನೆಗೆ. ಆಗಲೂ ಮಾರಾಟದ ಒಂದು ಪಾಲು ಪರಿಹಾರಕ್ಕೆ ಹೋಗುತ್ತಿತ್ತು. ಅಣ್ಣ ಕಳೆದುಕೊಂಡದ್ದಕ್ಕೆ ಆ ಹಣ ನ್ಯಾಯವಾಗಿಯೇ ಸಲ್ಲಬೇಕಾದದ್ದು. ಆದರೆ ಅದನ್ನು ತೆತ್ತವರಲ್ಲಿ, ಸದ್ದಾಮನನ್ನು ಎಂದೂ ಆರಿಸದ ತಾಯಂದಿರೂ ಇದ್ದರು. ಎರಡೂ ನಿಜ. ಯಾವುದನ್ನು ಹೇಳಿ ಅತ್ತಿಗೆಯನ್ನು ಸಮಾಧಾನಪಡಿಸಲಿ ಎಂದು ತಿಳಿಯದೆ, 1990ರಲ್ಲಿ ಸುಮ್ಮನಿದ್ದಂತೆ ಆಗಲೂ ಸುಮ್ಮನಾದೆ.

ಅತ್ತಿಗೆ ಮೊಮ್ಮಗಳ ಕಡೆ ತಿರುಗಿದರು. "ಇಂಥದ್ದನ್ನೆಲ್ಲ ಅಲ್ಲಿ ಹೇಳಿಕೊಡುತ್ತಾರಾ?"

"ಹೇಳಿಕೊಡ್ತಾರೆ ಅಜ್ಜಿ."

ಅವರು ತಮ್ಮ ಬಳೆಗಳನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಕಡತವನ್ನು ಮೊಮ್ಮಗಳ ಮಡಿಲಿನಲ್ಲಿಟ್ಟು, "ಹಾಗಾದರೆ ಸರಿಯಾಗಿ ಕಲಿತು ಬಂದು ನನಗೂ ಹೇಳು" ಎಂದರು.

ಕಾಲೇಜಿನ ಅರ್ಜಿಯನ್ನು ಮರುದಿನ ಮೂವರೂ ಕೂಡಿ, ಅದೇ ಮೇಜಿನ ಮೇಲೆ ತುಂಬಿದೆವು.